ಯಂತ್ರಗಳ ನಡುವಿನ ಹೊಣೆ: ಡೇಟಾ ಸೆಂಟರ್‌ನ ನಿಯಂತ್ರಣ ವ್ಯವಸ್ಥೆಗೆ ಗುತ್ತಿಗೆದಾರರ ಆಯ್ಕೆ

ಬ್ಯಾಂಕಿನ ಹಣ ವರ್ಗಾವಣೆ, ರೈಲಿನ ಮುಂಗಡ ಟಿಕೆಟ್, ಆಸ್ಪತ್ರೆಯ ದಾಖಲೆ, ಪಡಿತರ ಚೀಟಿ, ಪಹಣಿ ಮುಂತಾಗಿ ಜನಸಾಮಾನ್ಯರ ನಿತ್ಯದ ವ್ಯವಹಾರಗಳೆಲ್ಲ ಇಂದು ಡೇಟಾ ಸೆಂಟರ್ ಎಂಬ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಸರ್ವರ್‌ಗಳನ್ನು ನೆಚ್ಚಿಕೊಂಡಿವೆ. ಸರ್ವರ್ ಎಂಬುದು ಹಗಲಿರುಳು ಬಿಡುವಿಲ್ಲದೆ ದುಡಿಯುವ ಕಂಪ್ಯೂಟರ್. ಅದು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬರುತ್ತದೆ. ಆದ್ದರಿಂದ ಡೇಟಾ ಸೆಂಟರ್ ಒಂದರಲ್ಲಿ ಎರಡು ಕೆಲಸಗಳು ಒಂದು ಗಳಿಗೆಯೂ ಕಡಿಯದೆ ನಡೆಯಬೇಕಾಗುತ್ತದೆ: ವಿದ್ಯುತ್ ಒಳಗೆ ಬರುತ್ತಲೇ ಇರಬೇಕು, ಶಾಖ ಹೊರಗೆ ಹೋಗುತ್ತಲೇ ಇರಬೇಕು. ಈ ಎರಡರ ಮೇಲೂ ಕಣ್ಣಿಟ್ಟು, ಅಗತ್ಯ ಬಿದ್ದಾಗ ಮನುಷ್ಯರ ಅಪ್ಪಣೆಗೆ ಕಾಯದೆ ಯಂತ್ರಗಳಿಗೆ ಆಜ್ಞೆ ಕೊಡುವ ವ್ಯವಸ್ಥೆಯನ್ನು ನಿಗಾ ಮತ್ತು ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಅದನ್ನು ಯಾರಿಂದ ಕಟ್ಟಿಸಬೇಕು ಎಂಬ ಪ್ರಶ್ನೆ ಹೊರನೋಟಕ್ಕೆ ಟೆಂಡರ್ ಕಡತದ ಒಂದು ಪುಟದಂತೆ ಕಂಡರೂ, ಕೇಂದ್ರವು ಕಷ್ಟದ ದಿನದಲ್ಲಿ ನಿಲ್ಲುತ್ತದೆಯೋ ನಡೆಯುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ.

ವಿದ್ಯುತ್ತಿನ ಕಡೆ ಟ್ರಾನ್ಸ್‌ಫಾರ್ಮರ್, ಸರಬರಾಜು ಕೈಕೊಟ್ಟ ಕ್ಷಣದಲ್ಲಿ ಬ್ಯಾಟರಿಯಿಂದ ಭಾರ ಹೊರುವ ಯುಪಿಎಸ್, ಅದರ ಬೆನ್ನಿಗೇ ಚಾಲೂ ಆಗುವ ಡೀಸೆಲ್ ಜನರೇಟರ್‌ಗಳು ಇರುತ್ತವೆ. ತಂಪಿನ ಕಡೆ ನೀರನ್ನು ತಣಿಸುವ ಚಿಲ್ಲರ್, ಆ ನೀರನ್ನು ಸುತ್ತಿಸುವ ಪಂಪು, ಹರಿವನ್ನು ತೆರೆದು ಮುಚ್ಚುವ ವಾಲ್ವ್, ಸರ್ವರ್ ಕೋಣೆಗೆ ತಣ್ಣನೆಯ ಗಾಳಿ ಬೀಸುವ ಘಟಕಗಳು ಇರುತ್ತವೆ. ತಂಪು ವ್ಯವಸ್ಥೆ, ಬೆಂಕಿಯ ಎಚ್ಚರಿಕೆ, ಬಾಗಿಲುಗಳ ಮೇಲಿನ ನಿಗಾ ಇವನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶಕ್ಕೆ ಬಿಎಂಎಸ್, ಅಂದರೆ ಕಟ್ಟಡ ನಿರ್ವಹಣಾ ವ್ಯವಸ್ಥೆ ಎಂಬ ಹೆಸರಿದೆ. ವಿದ್ಯುತ್ ಜಾಲವನ್ನು ಮಾತ್ರ ಅಳೆಯುತ್ತ ಗಮನಿಸುವುದು ಇಪಿಎಂಎಸ್. ಈ ಎರಡರ ಮಾಹಿತಿಯನ್ನೂ ಸರ್ವರ್ ಕಪಾಟುಗಳಲ್ಲಿ ಉಳಿದಿರುವ ಜಾಗದ ಲೆಕ್ಕವನ್ನೂ ಒಂದೆಡೆ ತೋರಿಸುವುದು ಡಿಸಿಐಎಂ. ಇವೆಲ್ಲದರ ಕೆಳಗೆ, ಯಂತ್ರಗಳ ಪಕ್ಕದಲ್ಲೇ ಗೋಡೆಗೆ ಬಿಗಿದ ಪೆಟ್ಟಿಗೆಗಳಲ್ಲಿ ಪಿಎಲ್‌ಸಿ ಎಂಬ ಸಣ್ಣ, ಗಟ್ಟಿಮುಟ್ಟಾದ ಗಣಕಗಳಿದ್ದು, ನಿಜವಾದ ಆಜ್ಞೆಗಳು ಹೊರಡುವುದು ಅಲ್ಲಿಂದ. ಒಂದೊಂದು ಸೆನ್ಸರ್‌ನ ಅಳತೆಯನ್ನೂ, ಯಂತ್ರದ ಒಂದೊಂದು ಸ್ಥಿತಿಯನ್ನೂ ಒಂದು ಬಿಂದು, ಆಡುಮಾತಿನಲ್ಲಿ ಪಾಯಿಂಟ್, ಎಂದು ಎಣಿಸುವ ರೂಢಿಯಿದೆ. ದೊಡ್ಡ ಕೇಂದ್ರದಲ್ಲಿ ಇಂಥ ಪಾಯಿಂಟ್‌ಗಳು ಹತ್ತಾರು ಸಾವಿರ.

ಇಷ್ಟೆಲ್ಲವನ್ನೂ ತಯಾರಿಸುವ ಒಂದೇ ಕಂಪನಿ ಇರುವುದಿಲ್ಲ. ಚಿಲ್ಲರ್ ಒಬ್ಬರದು, ಯುಪಿಎಸ್ ಇನ್ನೊಬ್ಬರದು, ಜನರೇಟರ್ ಮತ್ತೊಬ್ಬರದು, ತಂತ್ರಾಂಶ ಬೇರೊಬ್ಬರದು. ಇವುಗಳ ನಡುವೆ ಮಾತುಕತೆ ಏರ್ಪಡಿಸಿ, ಯಾವಾಗ ಯಾವುದು ಏನು ಮಾಡಬೇಕು ಎಂಬುದನ್ನು ಬರೆದು, ಪರೀಕ್ಷಿಸಿ ಒಪ್ಪಿಸುವವರನ್ನು ಸಿಸ್ಟಂ ಇಂಟಿಗ್ರೇಟರ್, ಅಂದರೆ ಸಂಯೋಜಕ ಗುತ್ತಿಗೆದಾರ ಎನ್ನುತ್ತಾರೆ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವಂತೆ, ಗಾರೆಯವರು, ಪ್ಲಂಬರ್, ಟೈಲ್ಸ್ ಹಾಕುವವರು ತಮ್ಮ ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರೂ ಬಚ್ಚಲುಮನೆಯ ನೀರು ಸೋರುವುದು ಈ ಮೂವರ ಕೆಲಸ ಸೇರುವ ಜಾಗದಲ್ಲಿ, ಮತ್ತು ಆಗ ಹೊಣೆ ಯಾರದೆಂದು ಕೇಳಿದರೆ ಮೂವರೂ ಉಳಿದಿಬ್ಬರತ್ತ ಕೈ ತೋರಿಸುತ್ತಾರೆ. ಡೇಟಾ ಸೆಂಟರ್‌ನಲ್ಲಿ ಆ ಸಂದುಗಳ ಹೊಣೆ ಹೊರುವವರೇ ಸಂಯೋಜಕರು. ಆದರೂ ಒಟ್ಟು ಕಟ್ಟಡದ ವೆಚ್ಚದಲ್ಲಿ ಅವರ ಪಾಲು ಚಿಕ್ಕದಾಗಿರುವುದರಿಂದ, ಮುಖ್ಯ ಗುತ್ತಿಗೆದಾರರಿಂದ ವಿದ್ಯುತ್ ಮತ್ತು ಹವಾನಿಯಂತ್ರಣದ ಗುತ್ತಿಗೆದಾರರಿಗೆ, ಅವರಿಂದ ಮತ್ತೊಬ್ಬ ಉಪಗುತ್ತಿಗೆದಾರರಿಗೆ ಈ ಕೆಲಸ ಕೈದಾಟುತ್ತ ಹೋಗುವುದು ಸಾಮಾನ್ಯವಾಗಿದೆ. ಕೇಂದ್ರದ ಒಡೆಯರಿಗೆ ತಮ್ಮ ನಿಯಂತ್ರಣ ತರ್ಕವನ್ನು ಬರೆದವರು ಯಾರೆಂಬುದೇ ತಿಳಿದಿರುವುದಿಲ್ಲ. ಮೊದಲ ತಪ್ಪು ನಡೆಯುವುದು ಇಲ್ಲಿಯೇ. ಸಂಯೋಜಕರನ್ನು ಒಡೆಯರೇ ನೇರವಾಗಿ ಆರಿಸಿಕೊಳ್ಳಬೇಕು. ಅದು ಸಾಧ್ಯವಿಲ್ಲದಿದ್ದರೆ, ಆಯ್ಕೆಯ ಷರತ್ತುಗಳನ್ನಾದರೂ ಮುಖ್ಯ ಗುತ್ತಿಗೆಯಲ್ಲಿ ಬರೆಸಿ, ಒಪ್ಪಿಗೆಯ ಅಧಿಕಾರವನ್ನು ತಮ್ಮ ಕೈಯಲ್ಲೇ ಉಳಿಸಿಕೊಳ್ಳಬೇಕು.

ಈ ಹೊಣೆಯ ತೂಕವನ್ನು 2023ರ ಅಕ್ಟೋಬರ್ 14ರಂದು ಸಿಂಗಪುರದಲ್ಲಿ ನಡೆದ ಘಟನೆ ಸ್ಪಷ್ಟವಾಗಿ ತೋರಿಸಿತು. ಆ ಶನಿವಾರ ಮಧ್ಯಾಹ್ನ, ಡಿಬಿಎಸ್ ಮತ್ತು ಸಿಟಿ ಬ್ಯಾಂಕುಗಳ ಸರ್ವರ್‌ಗಳಿದ್ದ ಈಕ್ವಿನಿಕ್ಸ್ ಸಂಸ್ಥೆಯ ಡೇಟಾ ಸೆಂಟರ್‌ನಲ್ಲಿ ಮುಂಚೆಯೇ ಗೊತ್ತುಪಡಿಸಿದ್ದ ವ್ಯವಸ್ಥೆಯ ಉನ್ನತೀಕರಣ ನಡೆಯುತ್ತಿತ್ತು. ಇಂಥ ಕೇಂದ್ರಗಳಲ್ಲಿ ತಣ್ಣೀರನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿಟ್ಟಿರುತ್ತಾರೆ. ಚಿಲ್ಲರ್ ನಿಂತು ಮತ್ತೆ ಚಾಲೂ ಆಗುವವರೆಗಿನ ಕೆಲವು ನಿಮಿಷಗಳನ್ನು ಆ ನೀರಿನ ಬಲದಿಂದ ದಾಟುವುದು ಅದರ ಉದ್ದೇಶ. ಸಂಸ್ಥೆಯೇ ಕೊಟ್ಟ ವಿವರಣೆಯ ಪ್ರಕಾರ, ಗುತ್ತಿಗೆದಾರರೊಬ್ಬರು ಆ ತೊಟ್ಟಿಗಳ ವಾಲ್ವ್‌ಗಳನ್ನು ಮುಚ್ಚುವ ಸಂಕೇತವನ್ನು ತಪ್ಪಾಗಿ ಕಳುಹಿಸಿದರು. ನೀರು ನಿಂತಿತು, ಸರ್ವರ್ ಕೋಣೆಗಳ ಉಷ್ಣಾಂಶ ಮಿತಿ ಮೀರಿತು, ಬ್ಯಾಂಕುಗಳ ಸೇವೆಗಳು ಕಡಿದವು. ಬದಲಿ ಕೇಂದ್ರಗಳಿಗೆ ಕೆಲಸ ವರ್ಗಾಯಿಸಲು ಹೊರಟ ಎರಡೂ ಬ್ಯಾಂಕುಗಳಿಗೆ ಅಲ್ಲಿಯೂ ತಾಂತ್ರಿಕ ತೊಡಕುಗಳು ಎದುರಾದವು. ಮರುದಿನ ನಸುಕಿನವರೆಗೆ ಪೂರ್ಣಗೊಳ್ಳದೆ ಹೋದ ಪಾವತಿ ಮತ್ತು ಎಟಿಎಂ ವ್ಯವಹಾರಗಳು ಸುಮಾರು 25 ಲಕ್ಷ, ಡಿಜಿಟಲ್ ಬ್ಯಾಂಕಿಂಗ್ ಸೇವೆಗೆ ಪ್ರವೇಶಿಸಲು ನಡೆದ ವಿಫಲ ಯತ್ನಗಳು 8 ಲಕ್ಷ 10 ಸಾವಿರದಷ್ಟು ಎಂದು ಅಲ್ಲಿನ ಸಂಸತ್ತಿಗೆ ಸರ್ಕಾರ ತಿಳಿಸಿತು. ಅದೇ ವರ್ಷ ಹಲವು ಬಾರಿ ಸೇವೆ ಕಡಿತಗೊಂಡಿದ್ದ ಡಿಬಿಎಸ್ ಬ್ಯಾಂಕಿನ ಅನಿವಾರ್ಯವಲ್ಲದ ತಾಂತ್ರಿಕ ಬದಲಾವಣೆಗಳನ್ನು ಸಿಂಗಪುರದ ಹಣಕಾಸು ಪ್ರಾಧಿಕಾರ ಆರು ತಿಂಗಳು ತಡೆಹಿಡಿಯಿತು.

ಸಿಂಗಪುರದ ಘಟನೆಗೆ ಸುಮಾರು ಆರು ವಾರ ಮೊದಲು, ಆಗಸ್ಟ್ 30ರ ಸಂಜೆ, ಆಸ್ಟ್ರೇಲಿಯದ ಸಿಡ್ನಿ ವಲಯದ ಮೈಕ್ರೋಸಾಫ್ಟ್ ಡೇಟಾ ಸೆಂಟರ್‌ನಲ್ಲಿ ಇನ್ನೊಂದು ಬಗೆಯ ಪ್ರಸಂಗ ನಡೆಯಿತು. ಹೊರಗಿನ ಜಾಲದಲ್ಲಿ ವೋಲ್ಟೇಜ್ ಒಂದು ಕ್ಷಣ ಕುಸಿದದ್ದರಿಂದ ಚಿಲ್ಲರ್‌ಗಳು ನಿಂತವು. ಅತಿ ಹೆಚ್ಚು ತೊಂದರೆಗೀಡಾದ ಎರಡು ಸರ್ವರ್ ಕೋಣೆಗಳಿಗೆ ಏಳು ಚಿಲ್ಲರ್‌ಗಳಿದ್ದು, ಐದು ಓಡುತ್ತಿದ್ದವು, ಎರಡು ಮೀಸಲಾಗಿದ್ದವು. ಓಡುತ್ತಿದ್ದ ಐದೂ ನಿಂತ ಮೇಲೆ ತಾವಾಗಿ ಮರಳಿ ಚಾಲೂ ಆಗಲಿಲ್ಲ, ಏಕೆಂದರೆ ಅವುಗಳಿಗೆ ಜೋಡಿಸಿದ್ದ ಪಂಪುಗಳಿಗೆ ಓಡು ಎಂಬ ಸಂಕೇತ ತಲುಪಲಿಲ್ಲ. ಮೀಸಲು ಎರಡರಲ್ಲಿ ಒಂದು ಮಾತ್ರ ಚಾಲೂ ಆಗಿ ಕೆಲಸ ಮುಂದುವರಿಸಿತು. ಉಳಿದವನ್ನು ಕೈಯಿಂದ ಚಾಲೂ ಮಾಡೋಣವೆಂದರೆ ಅಷ್ಟು ದೊಡ್ಡ ಆವರಣದಲ್ಲಿ ಆ ರಾತ್ರಿ ಇದ್ದ ಸಿಬ್ಬಂದಿ ಮೂವರು. ಅವರು ಯಂತ್ರಗಳ ಬಳಿ ತಲುಪುವಷ್ಟರಲ್ಲಿ ಕೊಳವೆಗಳ ನೀರು ಬಿಸಿಯಾಗಿ, ಅಷ್ಟು ಬಿಸಿನೀರಿನ ಮೇಲೆ ಚಾಲೂ ಆಗಬಾರದೆಂಬ ರಕ್ಷಣಾ ಮಿತಿ ಚಿಲ್ಲರ್‌ಗಳನ್ನು ತಡೆಯಿತು. ಕಂಪನಿ ತಾನೇ ಪ್ರಕಟಿಸಿದ ಪರಿಶೀಲನೆಯಲ್ಲಿ ಇವನ್ನೆಲ್ಲ ಒಪ್ಪಿಕೊಂಡು, ರಾತ್ರಿ ಪಾಳಿಯ ಸಿಬ್ಬಂದಿಯನ್ನು ಏಳಕ್ಕೆ ಏರಿಸಿದ್ದಾಗಿ ಹೇಳಿತು. ಯಂತ್ರಗಳ ಕೊರತೆಯಾಗಲಿ ಹಣದ ಕೊರತೆಯಾಗಲಿ ಈ ಎರಡು ಕಡೆಯೂ ಇರಲಿಲ್ಲ. ಸಿಂಗಪುರದಲ್ಲಿ ಹೋಗಬಾರದ ಸಂಕೇತ ಹೋಯಿತು, ಸಿಡ್ನಿಯಲ್ಲಿ ಹೋಗಬೇಕಾದ ಸಂಕೇತ ಹೋಗಲಿಲ್ಲ. ಸಂಯೋಜಕರ ಕಸುಬು ಇರುವುದೇ ಈ ಸಂಕೇತಗಳಲ್ಲಿ.

ಆದಕಾರಣ ಗುತ್ತಿಗೆದಾರರನ್ನು ಅಳೆಯುವಾಗ ಮೊದಲು ಕೇಳಬೇಕಾದದ್ದು ಅವರ ತೆರೆಯ ಮೇಲಿನ ಬಣ್ಣದ ಚಿತ್ರಗಳನ್ನಲ್ಲ, ಕಾರ್ಯಾಚರಣೆಯ ಕ್ರಮ ವಿವರಣೆ ಎಂಬ ಸರಳ ದಾಖಲೆಯನ್ನು. ಎಂಜಿನಿಯರುಗಳು ಇದನ್ನು ಸೀಕ್ವೆನ್ಸ್ ಆಫ್ ಆಪರೇಷನ್ಸ್ ಎನ್ನುತ್ತಾರೆ. ಯಾವ ಸನ್ನಿವೇಶದಲ್ಲಿ ಯಾವ ಯಂತ್ರ, ಯಾವ ಕ್ರಮದಲ್ಲಿ, ಎಷ್ಟು ಸೆಕೆಂಡಿನೊಳಗೆ ಏನು ಮಾಡಬೇಕು, ಮಾಡದಿದ್ದರೆ ಮುಂದೇನು ಎಂಬುದನ್ನು ಅದರಲ್ಲಿ ಮಾತಿನಲ್ಲಿ ಬರೆದಿರಬೇಕು. ಹೊರಗಿನ ವಿದ್ಯುತ್ ಹೋಯಿತು ಎಂದಿಟ್ಟುಕೊಂಡರೆ, ಸರ್ವರ್‌ಗಳ ಭಾರವನ್ನು ಯುಪಿಎಸ್ ತಕ್ಷಣ ಹೊರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಜನರೇಟರ್‌ಗಳು ಎದ್ದು ಭಾರ ತೆಗೆದುಕೊಳ್ಳುತ್ತವೆ. ಆದರೆ ಚಿಲ್ಲರ್‌ಗಳನ್ನು ಸಾಮಾನ್ಯವಾಗಿ ಯುಪಿಎಸ್‌ಗೆ ಸೇರಿಸಿರುವುದಿಲ್ಲವಾದ್ದರಿಂದ ಅವು ನಿಂತು, ಮತ್ತೆ ಪೂರ್ಣ ಶಕ್ತಿಗೆ ಬರಲು ಹಲವು ನಿಮಿಷ ಹಿಡಿಯುತ್ತದೆ. ಆ ನಿಮಿಷಗಳಲ್ಲಿ ಪಂಪುಗಳು ತೊಟ್ಟಿಯ ನೀರನ್ನು ಓಡಿಸುತ್ತಿರಬೇಕು. ಎಲ್ಲ ಚಿಲ್ಲರ್‌ಗಳೂ ಒಟ್ಟಿಗೆ ಎದ್ದರೆ ಜನರೇಟರ್ ಕುಸಿಯುತ್ತದೆ, ಹಾಗಾಗಿ ಸರದಿ ಬೇಕು. ಸರದಿಯಲ್ಲಿ ಮೊದಲನೆಯದು ಏಳದಿದ್ದರೆ ಎರಡನೆಯದು ಎಷ್ಟು ಹೊತ್ತು ಕಾಯಬೇಕು? ಈ ನಡುವೆ ಹೊರಗಿನ ವಿದ್ಯುತ್ ಮರಳಿ ಬಂದು ಮತ್ತೆ ಹೋದರೆ ಎಣಿಕೆ ಮೊದಲಿನಿಂದ ಶುರುವಾಗಬೇಕೇ? ಟೆಂಡರ್‌ನ ತಾಂತ್ರಿಕ ಹಂತದಲ್ಲಿಯೇ ಇಂಥ ಒಂದು ಸನ್ನಿವೇಶವನ್ನು ಕೊಟ್ಟು, ಅಭ್ಯರ್ಥಿ ಸಂಸ್ಥೆಗಳಿಂದ ನಾಲ್ಕೈದು ಪುಟದ ವಿವರಣೆ ಬರೆಸುವುದಕ್ಕಿಂತ ಉತ್ತಮವಾದ ಪರೀಕ್ಷೆ ಇಲ್ಲ. ಅನುಭವವಿದ್ದವರ ಬರಹದಲ್ಲಿ ವೈಫಲ್ಯಗಳೇ ಹೆಚ್ಚು ಜಾಗ ಹಿಡಿದಿರುತ್ತವೆ. ಅನುಭವವಿಲ್ಲದವರು ಎಲ್ಲವೂ ಸರಿಯಾಗಿ ನಡೆದಾಗಿನ ಕಥೆಯನ್ನಷ್ಟೇ ಬರೆದಿರುತ್ತಾರೆ.

ಎರಡನೆಯ ಸಂಗತಿ ಯಂತ್ರಗಳ ಭಾಷೆಗಳಿಗೆ ಸೇರಿದ್ದು. ಕೈಗಾರಿಕಾ ಸಾಧನಗಳು ಪರಸ್ಪರ ಮಾತನಾಡುವ ನಿಯಮಾವಳಿಗಳಲ್ಲಿ ಮಾಡ್‌ಬಸ್ ಎಂಬುದನ್ನು ಮಾಡಿಕಾನ್ ಕಂಪನಿ 1979ರಲ್ಲಿ ರೂಪಿಸಿತು. ಕಟ್ಟಡಗಳ ಯಂತ್ರವ್ಯವಸ್ಥೆಗಳ ನಿಯಂತ್ರಣಕ್ಕೆಂದೇ ಬ್ಯಾಕ್‌ನೆಟ್ ಎಂಬುದನ್ನು ಅಮೆರಿಕದ ಶೀತಲೀಕರಣ ಎಂಜಿನಿಯರುಗಳ ಸಂಘವಾದ ಆಶ್ರೇ 1995ರಲ್ಲಿ ಪ್ರಕಟಿಸಿತು. ಇಂದಿನ ಡೇಟಾ ಸೆಂಟರ್‌ಗಳಲ್ಲಿ ಎರಡೂ ಬಳಕೆಯಲ್ಲಿವೆ. ತಮ್ಮ ಸಾಧನ ಮಾಡ್‌ಬಸ್ ಬಲ್ಲುದು ಎಂದು ಮಾರಾಟಗಾರರು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಪುಟ್ಟ ಉದಾಹರಣೆ ಸಾಕು. ಮಾಡ್‌ಬಸ್‌ನಲ್ಲಿ ಅಳತೆಗಳು ರಿಜಿಸ್ಟರ್ ಎಂಬ 16 ಬಿಟ್‌ಗಳ ಖಾನೆಗಳಲ್ಲಿ ಕುಳಿತಿರುತ್ತವೆ; ದಶಾಂಶ ಸಹಿತ ಸಂಖ್ಯೆಗೆ 32 ಬಿಟ್ ಬೇಕಾದ್ದರಿಂದ ಎರಡು ಖಾನೆಗಳನ್ನು ಕೂಡಿಸಿ ಓದಬೇಕಾಗುತ್ತದೆ, ಆದರೆ ಯಾವ ಖಾನೆ ಮೊದಲು ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಇಟ್ಟುಕೊಂಡಿದ್ದಾರೆ. 230 ವೋಲ್ಟ್ ತೋರಿಸಬೇಕಾದ ಮೀಟರಿನ ಎರಡು ಖಾನೆಗಳನ್ನು ಹಿಂದುಮುಂದಾಗಿ ಓದಿದರೆ ತೆರೆಯ ಮೇಲೆ ಸೊನ್ನೆ ಕಾಣುತ್ತದೆ. ಸೊನ್ನೆಯಾದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಇನ್ನೊಂದು ಕಪಾಟಿನ ಸೆನ್ಸರ್‌ನ ಉಷ್ಣಾಂಶ ಈ ಕಪಾಟಿನ ಹೆಸರಿನಲ್ಲಿ ಕಾಣಿಸಿಕೊಂಡರೆ, ಎರಡೂ 24 ಡಿಗ್ರಿ ಇರುವವರೆಗೆ, ತಪ್ಪು ವರ್ಷಗಟ್ಟಲೆ ಅಡಗಿ ಕುಳಿತು, ಒಂದು ಕಪಾಟು ಕಾದ ದಿನ ಸಿಬ್ಬಂದಿಯನ್ನು ಇನ್ನೊಂದರ ಕಡೆಗೆ ಓಡಿಸುತ್ತದೆ. ಆದ್ದರಿಂದಲೇ ಪ್ರತಿ ಪಾಯಿಂಟನ್ನೂ ಸಾಧನದ ಬಳಿ ಒಬ್ಬರು, ತೆರೆಯ ಮುಂದೆ ಇನ್ನೊಬ್ಬರು ನಿಂತು, ಅಳತೆಯನ್ನು ಬೇಕೆಂದೇ ಬದಲಿಸಿ, ತಾಳೆ ನೋಡಿ ಸಹಿ ಹಾಕಬೇಕು. ಸಾವಿರಾರು ಪಾಯಿಂಟ್‌ಗಳಿದ್ದಾಗ ಇದು ವಾರಗಟ್ಟಲೆಯ ಬೇಸರದ ದುಡಿಮೆ. ಬೆಲೆ ಇಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದೂ ಇದಕ್ಕೇ. ಅಲ್ಲೊಂದು ಇಲ್ಲೊಂದು ನೋಡಿ ಮುಗಿಸುತ್ತೇವೆ ಎನ್ನುವ ಸಂಸ್ಥೆಯ ಕಡಿಮೆ ಬೆಲೆಗೆ ಕಾರಣವೇನೆಂದು ಬೇರೆ ಹುಡುಕಬೇಕಾಗಿಲ್ಲ.

ಎಚ್ಚರಿಕೆಗಳ, ಅಂದರೆ ಅಲಾರಂಗಳ ವಿಚಾರದಲ್ಲಿ ಡೇಟಾ ಸೆಂಟರ್ ಲೋಕ ತನಗಿಂತ ಹಳೆಯ ಕೈಗಾರಿಕೆಗಳಿಂದ ಕಲಿಯಬೇಕಾದದ್ದು ಬಹಳವಿದೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟ ಸಂಭವಿಸಿದಾಗ, ಅದಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದು ಬಿದ್ದಿದ್ದವೆಂದು ತನಿಖೆಯಲ್ಲಿ ಗೊತ್ತಾಯಿತು. ಮುಂದೆ 1999ರಲ್ಲಿ ಬ್ರಿಟನ್ನಿನ ಸಲಕರಣೆ ಬಳಕೆದಾರರ ಸಂಘವಾದ ಈಮ್ಯುವಾ ಪ್ರಕಟಿಸಿದ ಮಾರ್ಗದರ್ಶಿಯು, ಒಬ್ಬ ನಿರ್ವಾಹಕನಿಗೆ ಸಾಮಾನ್ಯ ದಿನಗಳಲ್ಲಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬಾರದಂತಿದ್ದರೆ ಒಳ್ಳೆಯದೆಂಬ ಅಳತೆಗೋಲನ್ನು ಕೊಟ್ಟಿತು. ಡೇಟಾ ಸೆಂಟರ್‌ನಲ್ಲಿ ಒಮ್ಮೆ ವಿದ್ಯುತ್ ಮಿಣುಕಿದರೆ ಯುಪಿಎಸ್, ಜನರೇಟರ್, ಪಂಪು, ಫ್ಯಾನುಗಳೆಲ್ಲ ಏಕಕಾಲಕ್ಕೆ ಕೂಗಿಕೊಳ್ಳುತ್ತವೆ. ಅವುಗಳಲ್ಲಿ ಮೂಲ ಕಾರಣವನ್ನು ಮೇಲೆ ತಂದು, ಅದರ ಪರಿಣಾಮಗಳನ್ನು ಹಿಂದಕ್ಕೆ ಸರಿಸಿ ತೋರಿಸುವುದೇ ಸಂಯೋಜಕರ ಕೌಶಲ. ಇದನ್ನು ಮಾತಿನಿಂದ ಅಳೆಯಲಾಗದು. ಅವರು ಈ ಹಿಂದೆ ಕಟ್ಟಿಕೊಟ್ಟ ಕೇಂದ್ರವೊಂದಕ್ಕೆ, ಅದರ ಒಡೆಯರ ಅನುಮತಿಯಿಂದ ಹೋಗಿ, ಕಳೆದ ತಿಂಗಳ ಅಲಾರಂ ಪಟ್ಟಿಯನ್ನು ನೋಡಬೇಕು. ಸಾವಿರಾರು ಎಚ್ಚರಿಕೆಗಳು ಯಾರೂ ಮುಟ್ಟದೆ ಕೆಂಪಾಗಿಯೇ ಉಳಿದಿದ್ದರೆ ಆ ಸಂಸ್ಥೆಯ ಬಗ್ಗೆ ತಿಳಿಯಬೇಕಾದದ್ದು ತಿಳಿದಂತೆ. ಅಲ್ಲಿ ಮಾತನಾಡಬೇಕಾದದ್ದು ಕೂಡ ವ್ಯವಸ್ಥಾಪಕರೊಂದಿಗಲ್ಲ, ಪಾಳಿಯಲ್ಲಿ ಕುಳಿತಿರುವ ಆಪರೇಟರ್‌ಗಳೊಂದಿಗೆ.

ನಿಯಂತ್ರಣದ ಬುದ್ಧಿ ಎಲ್ಲಿ ಕುಳಿತಿದೆ ಎಂಬುದು ಮುಂದಿನ ಪ್ರಶ್ನೆ. ಎಲ್ಲ ತರ್ಕವನ್ನೂ ಒಂದು ಕೇಂದ್ರ ಗಣಕದಲ್ಲಿ ಇರಿಸುವುದು ಬರೆಯುವವರಿಗೆ ಸುಲಭ, ಆದರೆ ಆ ಗಣಕ ಅಥವಾ ಅದರ ಜಾಲ ಕೆಟ್ಟಾಗ ಚಿಲ್ಲರ್‌ಗಳು ದಿಕ್ಕೆಡುತ್ತವೆ. ತೆರೆ ಪೂರ್ತಿ ಆರಿಹೋದರೂ ಯಂತ್ರದ ಪಕ್ಕದ ಪಿಎಲ್‌ಸಿ ತನ್ನಷ್ಟಕ್ಕೆ ತಾನು ಕೆಲಸ ಮುಂದುವರಿಸಬೇಕು. ಆಜ್ಞೆ ಕಡಿದುಹೋದಾಗ ವಾಲ್ವ್ ತೆರೆದೇ ನಿಲ್ಲಬೇಕೋ, ಮುಚ್ಚಬೇಕೋ, ಇದ್ದಂತೆಯೇ ಇರಬೇಕೋ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಉಪಯೋಗದಲ್ಲಿರುವ ಕೇಂದ್ರದಲ್ಲಿ ಬದಲಾವಣೆ ಮಾಡುವ ವಿಧಾನವೂ ಇದರೊಂದಿಗೇ ಬರುತ್ತದೆ. ಈ ಕಸುಬಿನಲ್ಲಿ ಎಂಒಪಿ ಎಂದು ಕರೆಯುವ ಕಾರ್ಯವಿಧಾನ ಪತ್ರದಲ್ಲಿ ಪ್ರತಿ ಹೆಜ್ಜೆ, ಅದರ ನಿರೀಕ್ಷಿತ ಫಲ, ಫಲ ಬೇರೆಯಾದರೆ ಹಿಂದಿರುಗುವ ದಾರಿ ಬರೆದಿದ್ದು, ಒಬ್ಬರು ಓದಿ ಹೇಳುವಾಗ ಇನ್ನೊಬ್ಬರು ಮಾಡುತ್ತಾರೆ. ಅಭ್ಯರ್ಥಿ ಸಂಸ್ಥೆ ನಿಜವಾಗಿ ಬಳಸಿದ ಎರಡು ಹಳೆಯ ಎಂಒಪಿಗಳನ್ನು, ಗ್ರಾಹಕರ ಹೆಸರು ಅಳಿಸಿ, ತೋರಿಸುವಂತೆ ಕೇಳುವುದು ನ್ಯಾಯವಾದ ಬೇಡಿಕೆ.

ಕೃತಕ ಬುದ್ಧಿಮತ್ತೆಯ ಸರ್ವರ್‌ಗಳು ಬಂದ ಮೇಲೆ ಇದಕ್ಕೆಲ್ಲ ಇನ್ನಷ್ಟು ತುರ್ತು ಬಂದಿದೆ. ಸಾಂಪ್ರದಾಯಿಕ ಸರ್ವರ್ ಕಪಾಟೊಂದು ಐದರಿಂದ ಹತ್ತು ಕಿಲೋವಾಟ್ ಬಳಸುತ್ತಿದ್ದರೆ, ಎನ್‌ವಿಡಿಯಾ ಕಂಪನಿ 2024ರಲ್ಲಿ ಪ್ರಕಟಿಸಿದ ಕಪಾಟುಗಳು ಸುಮಾರು 120 ಕಿಲೋವಾಟ್ ಬಳಸುತ್ತವೆ. ಇವನ್ನು ಗಾಳಿಯಿಂದ ತಣಿಸಲಾಗದು, ಚಿಪ್‌ಗಳ ಮೈಮೇಲೆಯೇ ದ್ರವ ಹರಿಯಬೇಕು, ಮತ್ತು ಹರಿವು ನಿಂತರೆ ಸಿಗುವ ಅವಕಾಶ ನಿಮಿಷಗಳದಲ್ಲ, ಸೆಕೆಂಡುಗಳದು. ಇನ್ನೊಂದು ಕಡೆ, ಒಳ್ಳೆಯ ನಿಯಂತ್ರಣ ವಿದ್ಯುತ್ ಬಿಲ್ಲನ್ನೂ ಇಳಿಸುತ್ತದೆ. ಆಶ್ರೇ ಶಿಫಾರಸಿನಂತೆ ಸರ್ವರ್‌ಗಳಿಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬಹುದಾದರೂ, ತಮ್ಮ ಸೆನ್ಸರ್‌ಗಳನ್ನು ನಂಬದವರು ಕೋಣೆಯನ್ನು ಅನಗತ್ಯವಾಗಿ ಕೊರೆಯುವಷ್ಟು ತಂಪಾಗಿಡುತ್ತಾರೆ. ಗೂಗಲ್ ತನ್ನ ಕೇಂದ್ರಗಳಲ್ಲಿ ಯಂತ್ರಕಲಿಕೆಯನ್ನು ಬಳಸಿ ತಣಿಸುವ ವಿದ್ಯುತ್ತಿನಲ್ಲಿ ಶೇ 40ರವರೆಗೆ ಉಳಿಸಿದ್ದಾಗಿ 2016ರಲ್ಲಿ ಪ್ರಕಟಿಸಿತು. ವರ್ಷಗಳ ಕಾಲ ಸರಿಯಾಗಿ ದಾಖಲಾದ ಅಳತೆಗಳಿಲ್ಲದೆ ಅಂಥ ಪ್ರಯೋಗ ಶುರುವಾಗುವುದೇ ಇಲ್ಲ.

ಭದ್ರತೆಯ ದೃಷ್ಟಿಯಿಂದ ನೋಡಿದರೆ ಸಂಯೋಜಕರು ಮನೆಯ ಕೀಲಿಗೊಂಚಲು ಹಿಡಿದವರು. ಮಾಡ್‌ಬಸ್ ಹುಟ್ಟಿದ ಕಾಲದಲ್ಲಿ ಆಜ್ಞೆ ಕೊಟ್ಟವರು ಯಾರೆಂದು ಕೇಳುವ ಅಗತ್ಯ ಯಾರಿಗೂ ತೋರಿರಲಿಲ್ಲ. ಆದ್ದರಿಂದ ಅದರ ಜಾಲಕ್ಕೆ ಒಮ್ಮೆ ನುಗ್ಗಿದವರು ವಾಲ್ವ್ ಮುಚ್ಚು ಎಂದರೂ ವಾಲ್ವ್ ಮುಚ್ಚುತ್ತದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ಸುಮಾರು ನಾಲ್ಕು ಕೋಟಿ ಪಾವತಿ ಕಾರ್ಡುಗಳ ವಿವರ ಕದ್ದವರು ಒಳಹೊಕ್ಕದ್ದು ಶೀತಲೀಕರಣದ ಗುತ್ತಿಗೆದಾರರೊಬ್ಬರಿಗೆ ಕೊಟ್ಟಿದ್ದ ಪ್ರವೇಶದ ಗುರುತು ಬಳಸಿ. ಅದೇ ವರ್ಷ ಸಿಡ್ನಿಯ ಗೂಗಲ್ ಕಚೇರಿಯ ಕಟ್ಟಡ ನಿರ್ವಹಣಾ ವ್ಯವಸ್ಥೆಗೆ ಭದ್ರತಾ ಸಂಶೋಧಕರು ಅಂತರಜಾಲದ ಮೂಲಕ ಪ್ರವೇಶಿಸಿ ತೋರಿಸಿದರು. ಗುತ್ತಿಗೆದಾರರು ದೂರದಿಂದ ದುರಸ್ತಿ ಮಾಡಲು ದಾರಿ ಕೇಳುವುದು ಸಹಜ. ಆ ದಾರಿ ಸದಾ ತೆರೆದಿರಬಾರದು, ಕೇಳಿದಾಗ ಒಡೆಯರ ಸಿಬ್ಬಂದಿಯೇ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಬೇಕು, ಒಳಗೆ ನಡೆದದ್ದೆಲ್ಲ ದಾಖಲಾಗಬೇಕು. ಭಾರತದಲ್ಲಿ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನಗಳ ಪ್ರಕಾರ ಡೇಟಾ ಸೆಂಟರ್‌ಗಳು ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು, ಗಣಕಗಳ ಗಡಿಯಾರಗಳನ್ನು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಸಬೇಕು. ಕೊನೆಯ ನಿಯಮ ನಿಯಂತ್ರಣ ವ್ಯವಸ್ಥೆಗಂತೂ ತೀರ ಬೇಕಾದದ್ದು: ಯುಪಿಎಸ್‌ನ ಗಡಿಯಾರ ಎರಡು ನಿಮಿಷ ಹಿಂದೆ, ಚಿಲ್ಲರ್‌ನದು ಒಂದು ನಿಮಿಷ ಮುಂದೆ ಇದ್ದರೆ, ಅವಘಡದ ನಂತರ ಯಾವುದು ಮೊದಲು ಕೆಟ್ಟಿತೆಂದು ಯಾವ ತಜ್ಞರೂ ಹೇಳಲಾರರು.

ಇಷ್ಟನ್ನು ಇಟ್ಟುಕೊಂಡು ಭಾರತದ ಟೆಂಡರ್ ಪದ್ಧತಿಯತ್ತ ತಿರುಗಿದರೆ ಒಂದು ಬಿಕ್ಕಟ್ಟು ಎದುರಾಗುತ್ತದೆ. ಅತಿ ಕಡಿಮೆ ಬೆಲೆ ನಮೂದಿಸಿದವರಿಗೆ, ಕಚೇರಿಯ ಮಾತಿನಲ್ಲಿ ಎಲ್-1ಗೆ, ಕೆಲಸ ಕೊಡುವುದು ದೀರ್ಘಕಾಲದ ರೂಢಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕೆಳಗಿನ ಟೆಂಡರ್‌ಗಳಲ್ಲೂ ತಾಂತ್ರಿಕ ಅರ್ಹತೆಯನ್ನು ಒಂದು ಲಕೋಟೆಯಲ್ಲಿ, ಬೆಲೆಯನ್ನು ಇನ್ನೊಂದರಲ್ಲಿ ತರಿಸಿ, ಮೊದಲನೆಯದರಲ್ಲಿ ತೇರ್ಗಡೆಯಾದವರ ಬೆಲೆಯನ್ನಷ್ಟೇ ತೆರೆಯುವ ಎರಡು ಲಕೋಟೆ ಪದ್ಧತಿಯಿದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು, ಗುಣಮಟ್ಟವೇ ಪ್ರಧಾನವೆಂದು ಸಕ್ಷಮ ಪ್ರಾಧಿಕಾರ ಘೋಷಿಸಿದ ಕಾಮಗಾರಿಗಳಲ್ಲಿ ಬೆಲೆಯಲ್ಲದ ಅಂಶಗಳಿಗೆ ಶೇ 30ರವರೆಗೆ ತೂಕ ಕೊಡಲು ಅವಕಾಶ ಮಾಡಿಕೊಟ್ಟವು. ಡೇಟಾ ಸೆಂಟರ್‌ನ ನಿಯಂತ್ರಣ ಕಾಮಗಾರಿ ಈ ವರ್ಗಕ್ಕೆ ಸೇರಲು ಎಲ್ಲ ರೀತಿಯಲ್ಲೂ ತಕ್ಕದ್ದು. ಎಲ್-1 ಅನಿವಾರ್ಯವಾದ ಕಡೆಯೂ ಮೊದಲ ಲಕೋಟೆಯ ಷರತ್ತುಗಳು ಗಟ್ಟಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಆದರೆ ಆ ಷರತ್ತುಗಳು ಸಾಮಾನ್ಯವಾಗಿ ಕಂಪನಿಯ ವಾರ್ಷಿಕ ವಹಿವಾಟು, ಹಿಂದಿನ ಕಾಮಗಾರಿಗಳ ಮೊತ್ತ, ತಯಾರಕರ ಅಧಿಕೃತ ಪತ್ರ ಇವುಗಳಲ್ಲೇ ಮುಗಿದುಬಿಡುತ್ತವೆ. ಇವೆಲ್ಲ ಕಂಪನಿಯ ಗಾತ್ರವನ್ನು ಹೇಳುತ್ತವೆಯೇ ಹೊರತು ತರ್ಕ ಬರೆಯಲು ಬರುವ ಎಂಜಿನಿಯರ್ ಯಾರೆಂಬುದನ್ನು ಹೇಳುವುದಿಲ್ಲ. ದೊಡ್ಡ ಹೆಸರಿನ ಕಂಪನಿಯ ಹಿಂದೆ ನಿನ್ನೆ ಮೊನ್ನೆ ಸೇರಿದ ಹುಡುಗರು ನಿವೇಶನಕ್ಕೆ ಬರುವುದೂ, ಸಣ್ಣ ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ಪಳಗಿದವರು ಇರುವುದೂ ಉಂಟು. ಮುಖ್ಯ ಪ್ರೋಗ್ರಾಮರ್ ಮತ್ತು ಪರೀಕ್ಷಾ ಎಂಜಿನಿಯರ್ ಯಾರೆಂಬುದನ್ನು ಟೆಂಡರ್‌ನಲ್ಲೇ ನಮೂದಿಸಬೇಕು, ಅವರನ್ನು ಸಂದರ್ಶಿಸಬೇಕು, ಒಪ್ಪಿಗೆಯಿಲ್ಲದೆ ಬದಲಿಸಕೂಡದೆಂಬ ಷರತ್ತು ಇರಬೇಕು. ವಿಶ್ವದ ಪ್ರಮುಖ ನಿಯಂತ್ರಣೋಪಕರಣ ಕಂಪನಿಗಳಾದ ಶ್ನೈಡರ್, ಹನಿವೆಲ್, ಎಬಿಬಿ, ಸೀಮೆನ್ಸ್‌ಗಳಿಗೆಲ್ಲ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿರುವುದರಿಂದ, ಇಂಥ ಪಳಗಿದ ಕೈಗಳಿಗೆ ಈ ನಾಡಿನಲ್ಲಿ ಬರವಿಲ್ಲ. ರಾಜ್ಯ ಸರ್ಕಾರ 2022ರಲ್ಲಿ ಡೇಟಾ ಸೆಂಟರ್ ನೀತಿಯನ್ನು ತಂದಿರುವಾಗ, ಈ ಕೈಗಳನ್ನು ಗುರುತಿಸುವ ಟೆಂಡರ್ ಭಾಷೆಯೂ ಅದರ ಜೊತೆಗೇ ಬೆಳೆಯಬೇಕಾಗಿದೆ.

ಪರೀಕ್ಷೆಗಳ ಮಾತು ಉಳಿದಿದೆ. ಸಲಕರಣೆಗಳನ್ನು ಕಾರ್ಖಾನೆಯಲ್ಲಿ ನೋಡುವುದು ಮೊದಲ ಹಂತವಾದರೆ, ನಿವೇಶನಕ್ಕೆ ಬಂದದ್ದನ್ನು ಪರಿಶೀಲಿಸುವುದು, ಚಾಲೂ ಮಾಡಿ ನೋಡುವುದು, ಒಂದೊಂದು ವ್ಯವಸ್ಥೆಯನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದು ನಂತರದ ಹಂತಗಳು. ಐದನೆಯದು ಮತ್ತು ಕೊನೆಯದು ಸಮಗ್ರ ಪರೀಕ್ಷೆ. ಸರ್ವರ್‌ಗಳು ಬರುವ ಮೊದಲೇ ಅವುಗಳ ಜಾಗದಲ್ಲಿ ಲೋಡ್ ಬ್ಯಾಂಕ್ ಎಂಬ ದೊಡ್ಡ ಹೀಟರ್‌ಗಳನ್ನು ಇಟ್ಟು, ಕೋಣೆಯನ್ನು ಪೂರ್ತಿ ಭಾರದಲ್ಲಿ ಕಾಯಿಸಿ, ಆಮೇಲೆ ಮುಖ್ಯ ಸ್ವಿಚ್ಚನ್ನು ಕೈಯಾರೆ ಕಡಿದು, ಜನರೇಟರ್‌ಗಳಲ್ಲಿ ಒಂದನ್ನು ಬೇಕೆಂದೇ ಏಳಗೊಡದೆ, ನಿಯಂತ್ರಣ ಗಣಕದ ಜಾಲದ ತಂತಿಯನ್ನು ಕಿತ್ತು, ವ್ಯವಸ್ಥೆ ಕಾರ್ಯಾಚರಣೆಯ ಕ್ರಮ ವಿವರಣೆಯಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತದೆಯೇ ಎಂದು ಗಡಿಯಾರ ಹಿಡಿದು ನೋಡುತ್ತಾರೆ. ಕಷ್ಟವೆಂದರೆ, ಕಟ್ಟಡ, ವಿದ್ಯುತ್, ಕೊಳವೆಗಳ ಕೆಲಸಗಳೆಲ್ಲ ತಡವಾದಾಗ ಆ ವಿಳಂಬವೆಲ್ಲ ಕೊನೆಯಲ್ಲಿ ಬರುವ ಸಂಯೋಜಕರ ದಿನಗಳನ್ನು ತಿಂದುಹಾಕುತ್ತದೆ. ಉದ್ಘಾಟನೆಯ ದಿನಾಂಕ ಮಾತ್ರ ಕದಲುವುದಿಲ್ಲ. ಆದ್ದರಿಂದ ಸಮಗ್ರ ಪರೀಕ್ಷೆಗೆ ಇಷ್ಟು ದಿನ ಬೇಕೇ ಬೇಕು, ಅದನ್ನು ಯಾರೂ ಕಿತ್ತುಕೊಳ್ಳಕೂಡದು ಎಂಬ ಷರತ್ತು ಎಲ್ಲ ಗುತ್ತಿಗೆದಾರರ ಕರಾರಿನಲ್ಲೂ ಇರಬೇಕು, ಮತ್ತು ಸಂಯೋಜಕರಿಗೆ ಸಲ್ಲುವ ಹಣದಲ್ಲಿ ಗಣನೀಯ ಭಾಗ ಈ ಪರೀಕ್ಷೆ ತೇರ್ಗಡೆಯಾದ ಮೇಲೆಯೇ ಸಂದಾಯವಾಗಬೇಕು. ತಂತಿ ಎಳೆದು ಪೆಟ್ಟಿಗೆ ಬಿಗಿದ ಕೂಡಲೇ ಬಹುಪಾಲು ಹಣ ಕೈಸೇರುವ ಕರಾರಿನಲ್ಲಿ, ಕೊನೆಯ ಹಂತದ ಕಷ್ಟದ ಕೆಲಸಕ್ಕೆ ನುರಿತವರನ್ನು ಉಳಿಸಿಕೊಳ್ಳುವ ಕಾರಣವೇ ಗುತ್ತಿಗೆದಾರರಿಗೆ ಇರುವುದಿಲ್ಲ.

ಹಸ್ತಾಂತರದ ವೇಳೆ ಒಡೆಯರ ಕೈಸೇರಬೇಕಾದದ್ದು ಬರಿಯ ನಕ್ಷೆಗಳ ಕಟ್ಟಲ್ಲ. ಪಿಎಲ್‌ಸಿಗಳಲ್ಲಿ ಓಡುವ ತರ್ಕದ ಮೂಲ ಪ್ರತಿ, ಅದನ್ನು ತೆರೆಯುವ ಗುಪ್ತಪದಗಳು, ತಂತ್ರಾಂಶದ ಪರವಾನಗಿಗಳು ಒಡೆಯರ ಹೆಸರಿನಲ್ಲೇ ಇರಬೇಕು; ಇಲ್ಲದಿದ್ದರೆ ಮುಂದೆ ಒಂದು ಪಂಪು ಸೇರಿಸಬೇಕಾದರೂ ಅದೇ ಸಂಸ್ಥೆ ಹೇಳಿದ ಬೆಲೆ ತೆತ್ತು ಕಾಯಬೇಕಾಗುತ್ತದೆ. ಹಾಳಾದ ಗಣಕದ ಜಾಗದಲ್ಲಿ ಹೊಸದನ್ನಿಟ್ಟು, ಒಪ್ಪಿಸಿದ ಪ್ರತಿಯಿಂದಲೇ ವ್ಯವಸ್ಥೆಯನ್ನು ಮರಳಿ ನಿಲ್ಲಿಸಿ ತೋರಿಸುವಂತೆ ಸಂಯೋಜಕರನ್ನು ಹಸ್ತಾಂತರದ ದಿನವೇ ಕೇಳುವುದು ಒಳ್ಳೆಯದು. ತುರ್ತು ಹೊತ್ತಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಯಂತ್ರದ ಪಕ್ಕದಲ್ಲೇ, ದೊಡ್ಡ ಅಕ್ಷರಗಳಲ್ಲಿ, ರಾತ್ರಿ ಪಾಳಿಯವರು ತಡವರಿಸದೆ ಓದಬಲ್ಲ ಭಾಷೆಯಲ್ಲಿ ಇರಬೇಕು. ಕರ್ನಾಟಕದ ಕೇಂದ್ರಗಳಲ್ಲಿ ಅದು ಇಂಗ್ಲಿಷಿನೊಂದಿಗೆ ಕನ್ನಡದಲ್ಲೂ ಇರಬೇಕೆಂದು ಕರಾರಿನಲ್ಲೇ ಬರೆಯಲು ಯಾವ ಅಡ್ಡಿಯೂ ಇಲ್ಲ. ದೋಷಗಳಿಗೆ ಗುತ್ತಿಗೆದಾರರು ಹೊಣೆಯಾಗುವ ಅವಧಿಯನ್ನು ಸಾಮಗ್ರಿ ಬಂದ ದಿನದಿಂದಲ್ಲದೆ ಸಮಗ್ರ ಪರೀಕ್ಷೆ ತೇರ್ಗಡೆಯಾದ ದಿನದಿಂದ ಎಣಿಸಬೇಕು, ಮತ್ತು ಆ ಅವಧಿಯೊಳಗೆ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಬರಬೇಕು. ಚಿಲ್ಲರ್‌ಗಳು ತಮ್ಮ ಶಕ್ತಿಯ ಅಂಚಿಗೆ ಹೋಗುವುದು ಏಪ್ರಿಲ್‌ನ ಬಿಸಿಲಿನಲ್ಲಿ, ವಿದ್ಯುತ್ ಸರಬರಾಜು ಮತ್ತೆ ಮತ್ತೆ ಮಿಣುಕುವುದು ಮುಂಗಾರಿನ ಮೊದಲ ಗುಡುಗು ಮಳೆಗಳಲ್ಲಿ.